ಕಿಟಕಿ ದೊಡ್ಡದಾಯಿತು, ಮರೆ ಎಲ್ಲಿ?

ನಮ್ಮ ಶಿರೋಳ ಕಡೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳಿಗೆ ಕಿಟಕಿ ಸಣ್ಣವು. ಬೆಳಕು ಬೀಳುತ್ತಿದ್ದುದು ಮೇಲಿನ ಬೆಳಕಿಂಡಿಯಿಂದ. 2019ರ ಮಲಪ್ರಭಾ ನೆರೆಯ ನಂತರ ನರಗುಂದ ತಾಲ್ಲೂಕಿನಲ್ಲಿ ಮಣ್ಣಿನ ಗೋಡೆಯ ಮೇಲಿನ ನಂಬಿಕೆ ಕಡಿಮೆಯಾಗಿದೆ. ಈಗ ಸಿಮೆಂಟ್ ಮನೆ, ಬೀದಿಗೆ ಮುಖ ಮಾಡಿದ ಯುಪಿವಿಸಿ ಕಿಟಕಿ. ಗೆದ್ದಲು ಹತ್ತುವುದಿಲ್ಲ, ಮಳೆಗೆ ಉಬ್ಬುವುದಿಲ್ಲ. ಅದಕ್ಕೆ ನಮ್ಮ ತಕರಾರಿಲ್ಲ.

ತಕರಾರು ಮರೆಯದ್ದು. ಹೊರಗಿನವರಿಗೆ ಕಾಣುವುದಿಲ್ಲ ಎಂದು ಕನ್ನಡಿಯಂಥ ಗಾಜು ಮಾರುತ್ತಾರೆ. ಅದು ಹಗಲಿನ ಮಾತು. ಸಂಜೆ ಲೈಟ್ ಹಾಕಿದರೆ ಒಳಗಿದ್ದವರಿಗೆ ತಮ್ಮ ಮುಖವೇ ಕಾಣುತ್ತದೆ, ಎದುರಿನ ಕಟ್ಟೆ ಮೇಲೆ ಕುಳಿತವರಿಗೆ ಇಡೀ ಪಡಸಾಲೆ! ಕಡೆಗೆ ಹೆಣ್ಣುಮಕ್ಕಳು ಹಳೇ ಸೀರೆ ಕಟ್ಟುತ್ತಾರೆ. ಅದು ಹಗಲೂ ಇಳಿಯುವುದಿಲ್ಲ. ಬೆಳಕಿಗೆಂದು ದುಡ್ಡು ಸುರಿದ ಮನೆಯಲ್ಲಿ ಅಡುಗೆಗೆ ಮಧ್ಯಾಹ್ನವೇ ಲೈಟ್ ಬೇಕು.

ಬ್ಲೈಂಡ್ಸ್ ಹಾಕಿಸುವವರು ಡ್ರಿಲ್ ಹಿಡಿದು ನೇರ ಚೌಕಟ್ಟಿಗೇ ಕೈ ಹಾಕಿದರೆ ತಡೆಯಿರಿ. ಆ ಪ್ಲಾಸ್ಟಿಕ್ ಒಳಗೆ ಪೊಳ್ಳು. ಗಟ್ಟಿತನಕ್ಕೆ ಉಕ್ಕಿನ ಪಟ್ಟಿ, ಮಳೆನೀರು ಹೊರಹೋಗಲು ದಾರಿ ಇರುತ್ತವೆ. ಎಲ್ಲೆಂದರಲ್ಲಿ ತೂತು ಬಿದ್ದರೆ ನೀರು ಇಳಿದೀತು, ವಾರಂಟಿಗೂ ಕುತ್ತು. ಬ್ರಾಕೆಟ್ಟನ್ನು ಕಿಟಕಿ ಮೇಲಿನ ಗೋಡೆಗೆ ಹೊಡೆಸಿ, ಎರಡೂ ಬದಿ ನಾಲ್ಕು ಇಂಚು ಹೆಚ್ಚು ಅಗಲ ಬಿಡಿಸಿ. ಅಡ್ಡಪಟ್ಟಿಯ ಬ್ಲೈಂಡ್ಸ್ ಚಂದ, ಆದರೆ ಎರೆ ಹೊಲದ ಧೂಳನ್ನು ಪಟ್ಟಿ ಪಟ್ಟಿಯಾಗಿ ಒರೆಸುವವರು ಯಾರು? ನಮ್ಮ ಓಟು ಕೆಳಗಿನರ್ಧಕ್ಕೆ ಮಬ್ಬು ಫಿಲ್ಮು, ಮೇಲೆ ಒಗೆಯಬಹುದಾದ ಪರದೆ. ಮಬ್ಬು ಗಾಜಿಗೆ ಹಗಲು ರಾತ್ರಿ ಒಂದೇ.

ಕಿಟಕಿಯ ಅಳತೆಯನ್ನು ಯಜಮಾನರೂ ಗೌಂಡಿಯೂ ಸೇರಿ ಗೊತ್ತು ಮಾಡುತ್ತಾರೆ. ಒಳಗೆ ದಿನವಿಡೀ ಇರುವ ಅವ್ವನನ್ನು, ಸೊಸೆಯನ್ನು ಕೇಳಲು ಐದು ನಿಮಿಷ ಸಾಕಲ್ಲವೇ?