ಕಾಯುವುದು ಯಾರ ಗಂಟನ್ನು?

ಗಣಕಯಂತ್ರದಲ್ಲಿ ‘ಸಿಸ್ಟಂ ರಿಸ್ಟೋರ್’ ಇರುವಾಗ ನಮ್ಮ ಬರಹಗಳಿಗೆ ಭಯವಿಲ್ಲವೆಂದು ನಂಬಿರುವವರು ನನ್ನ ಶಿಷ್ಯರಲ್ಲೂ ಬಂಧುಗಳಲ್ಲೂ ಅನೇಕರಿದ್ದಾರೆ. ಇದು ಶುದ್ಧ ಭ್ರಮೆ.

2001ರ ವಿಂಡೋಸ್ ಎಕ್ಸ್‌ಪಿ ಇದಕ್ಕೆ ದೊಡ್ಡ ಡಿಸ್ಕಿನ ಶೇಕಡಾ 12ರವರೆಗೆ ಮೀಸಲಿಟ್ಟಿತ್ತು. 40 ಜಿಬಿಯಲ್ಲಿ ಸುಮಾರು 5 ಜಿಬಿ! ಆದರೂ ಅದನ್ನು ತಗ್ಗಿಸಲು ಸ್ಲೈಡರ್ ಇತ್ತು. 2007ರ ವಿಸ್ತಾ, ಡಿಸ್ಕಿನ ಶೇ. 15 ಅಥವಾ ಖಾಲಿ ಜಾಗದ ಶೇ. 30, ಇವುಗಳಲ್ಲಿ ಕಡಿಮೆಯದನ್ನು ಮಿತಿಯಾಗಿಸಿ ಸ್ಲೈಡರನ್ನೇ ಕಿತ್ತುಹಾಕಿತು. ಡಿಸ್ಕಿಗೆ ಹಣ ತೆತ್ತವನು ನಾನು, ಪಾಲು ಹಂಚುವವರು ಅವರೇ? 2009ರ ವಿಂಡೋಸ್ 7 ಆ ಅಧಿಕಾರವನ್ನು ಮರಳಿಸಿತು.

ಇಷ್ಟು ಜಾಗದಿಂದ ಮರಳಿ ದೊರೆಯುವುದಾದರೂ ಏನು? ರಿಜಿಸ್ಟ್ರಿ, ಸಿಸ್ಟಂ ಕಡತಗಳು, ಡ್ರೈವರುಗಳು. ಹೊಸ ಡ್ರೈವರಿನಿಂದ ಯಂತ್ರ ಕೆಟ್ಟಾಗ ಇದು ಉಪಕಾರಿ, ಒಪ್ಪುತ್ತೇನೆ. ಆದರೆ ನೀವು ‘ನುಡಿ’ಯಲ್ಲೋ ‘ಬರಹ’ದಲ್ಲೋ ಟೈಪು ಮಾಡಿದ ಲೇಖನ, ಮಕ್ಕಳ ಮದುವೆಯ ಚಿತ್ರಗಳು ಇದರಿಂದ ಮರಳುವುದಿಲ್ಲ. ಮೀಸಲು ತುಂಬಿದರೆ ಹಳೆಯ ಪ್ರತಿಗಳು ಸದ್ದಿಲ್ಲದೆ ಅಳಿಯುತ್ತವೆ. 2025ರ ಜೂನ್ ಪರಿಷ್ಕರಣೆಯ ಬಳಿಕ ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಅವುಗಳ ಆಯುಸ್ಸು ಹೆಚ್ಚೆಂದರೆ 60 ದಿನ. ಡಿಸ್ಕೇ ಕೆಟ್ಟರೆ ಮೂಲವೂ ಪ್ರತಿಯೂ ಒಟ್ಟಿಗೇ ಮಣ್ಣುಪಾಲು.

ನಮ್ಮ ದಿಬ್ಬೂರಹಳ್ಳಿ ಸೀಮೆಯ ರೈತ ಬಿತ್ತನೆಯ ರಾಗಿಯನ್ನು ಊಟದ ರಾಗಿಯೊಡನೆ ಬೆರೆಸಿಡುವುದಿಲ್ಲ. ಓದು ಕಲಿತ ನಮಗೆ ಆ ವಿವೇಕ ಬೇಡವೇ? ಸಿಸ್ಟಂ ಪ್ರೊಟೆಕ್ಷನ್ ತೆರೆದು ಆ ಪಾಲನ್ನು ಕೆಲವೇ ಜಿಬಿಗೆ ಇಳಿಸಿರಿ. ನಿಮ್ಮ ಬರಹಗಳನ್ನು ಬೇರೊಂದು ಡಿಸ್ಕಿಗೆ ನಕಲಿಸಿ, ಬೇರೊಂದು ಮನೆಯಲ್ಲಿರಿಸಿರಿ. ನಿಮ್ಮ ಗಂಟನ್ನು ನೀವೇ ಕಾಯಬೇಕು.