ಮೆಕ್ಕೆಜೋಳಕ್ಕೆ ತೇವ ನೋಡುವ ನಾವು ಪೆಟ್ರೋಲಿಗೆ ಯಾಕೆ ನೋಡಲ್ಲ?

ನಮ್ಮ ಆವರಗೆರೆ ಕಡೆ ಮೆಕ್ಕೆಜೋಳ ಬೆಳೆಯುವ ಯಾರನ್ನೇ ಕೇಳಿ, ತೇವ ಶೇ. 14ಕ್ಕೆ ಇಳಿಯುವ ತನಕ ಕಾಳು ಚೀಲಕ್ಕೆ ತುಂಬಬಾರದು ಅಂತ ಹೇಳ್ತಾರೆ. ತುಂಬಿದರೆ ಬೂಷ್ಟು ಹಿಡಿಯುತ್ತದೆ, ದಾವಣಗೆರೆ ಪೇಟೆಯಲ್ಲಿ ರೇಟು ಬೀಳುತ್ತದೆ. ಇಷ್ಟು ತಿಳಿದ ನಾವೇ ಅರ್ಧ ಟ್ಯಾಂಕು ಪೆಟ್ರೋಲ್ ಬಿಟ್ಟು ಬೈಕನ್ನು ನಾಲ್ಕು ತಿಂಗಳು ಕೊಟ್ಟಿಗೆ ಮೂಲೆಗೆ ತಳ್ಳುತ್ತೇವೆ. ಆಮೇಲೆ ಕಿಕ್ ಹೊಡೆದು ಹೊಡೆದು ಕಾಲು ನೋಯಿಸಿಕೊಂಡು ಗಾಡಿಗೆ ಬೈಯುತ್ತೇವೆ.

ನಾನೂ ಹೀಗೆ ಬೈದವನೇ. ಮಗ ಊರಲ್ಲಿಲ್ಲದ ಕಾರಣ ಸಂಕ್ರಾಂತಿಗೆ ನಿಲ್ಲಿಸಿದ ಹಳೆ ಬೈಕು ಆರಿದ್ರಾ ಮಳೆಗೆ ಹೊರಗೆ ಬಂತು. ಜೀವ ಬರಲಿಲ್ಲ. ಪಕ್ಕದಲ್ಲೇ ಇದ್ದ ಎಣ್ಣೆ ಹೊಡೆಯುವ ಮಿಷನ್ನೂ ಅದೇ ಹಾಡು. ಹೊಲದಲ್ಲಿ ಸೈನಿಕ ಹುಳು ಸುಳಿ ಸೇರಿತ್ತು. ಮಿಷನ್ ರಿಪೇರಿಯಾಗಿ ಬರುವಷ್ಟರಲ್ಲಿ ಎರಡು ಎಕರೆ ಎಲೆ ಜರಡಿಯಾಗಿತ್ತು. ಬೈಕು ನೋಡಿದ ಮೆಕ್ಯಾನಿಕ್, “ಕಾರ್ಬೊರೇಟರ್ ಹೋಗೈತಿ, ಹೊಸದೇ ಹಾಕ್ಬೇಕು ಯಜಮಾನ್ರೇ” ಅಂದ. ಮನೆಗೆ ತಂದು ನಾನೇ ಬಿಚ್ಚಿದೆ. ಕಾರ್ಬೊರೇಟರ್ ಎಲ್ಲೂ ಹೋಗಿರಲಿಲ್ಲ. ಅದರೊಳಗಿನ ಸಣ್ಣ ಜೆಟ್ಟಿನ ತೂತಿಗೆ ಅಂಟು ಕಟ್ಟಿತ್ತು, ಅಷ್ಟೇ.

ಪೆಟ್ರೋಲ್ ನಿಂತಲ್ಲಿ ಅದರ ಹಗುರ ಅಂಶ ಹಾರಿಹೋಗಿ, ಉಳಿದದ್ದು ವಾರ್ನಿಶ್ ತರಹ ಅಂಟಾಗುತ್ತದೆ. ಇದು ಹಳೆ ಕಾಲದಿಂದ ಇದ್ದದ್ದೇ. ಹೊಸದು ಎಥನಾಲ್. ಬಂಕಿನ ಪೆಟ್ರೋಲಿನಲ್ಲಿ ಶೇ. 10 ಎಥನಾಲ್ ಬೆರೆಸುವ ಗುರಿ 2022ರಲ್ಲಿ ಮುಟ್ಟಿತು, ಶೇ. 20ರ ಗುರಿ 2025ರಲ್ಲಿ. ಎಥನಾಲ್ ಗಾಳಿಯ ತೇವ ಹೀರುತ್ತದೆ. ಒಂದು ಮಿತಿ ದಾಟಿದರೆ ನೀರು, ಎಥನಾಲ್ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಎಂಜಿನ್ ಎಳೆಯುವುದು ತಳದಿಂದಲೇ. ಹಳೆ ಗಾಡಿಗಳ ರಬ್ಬರ್ ಪೈಪು, ವಾಷರುಗಳೂ ಇದಕ್ಕೆ ಬೇಗ ಸೋಲಬಹುದು.

ಹಾಗಂತ ಎಥನಾಲನ್ನೇ ದೂರುವುದು ನ್ಯಾಯವಲ್ಲ. ಕಬ್ಬು, ಅಕ್ಕಿಯ ಜೊತೆ ನಮ್ಮ ಮೆಕ್ಕೆಜೋಳಕ್ಕೂ ಅದರಿಂದ ಒಬ್ಬ ಗಿರಾಕಿ ಹೆಚ್ಚಾಗಿದ್ದಾನೆ. ನನ್ನ ತಕರಾರು ಬೇರೆ. ಹೊಲದಿಂದ ಕಾಳು ಹೋಯಿತು, ಎಥನಾಲಾಗಿ ಟ್ಯಾಂಕಿಗೆ ವಾಪಸ್ ಬಂತು. ಅದನ್ನು ಹೇಗೆ ಇಟ್ಟುಕೊಳ್ಳಬೇಕು ಅನ್ನುವ ತಿಳುವಳಿಕೆ ಮಾತ್ರ ಜೊತೆಗೆ ಬರಲಿಲ್ಲ.

ಗಾಡಿ ನಿಂತುಹೋಗಿದ್ದರೆ ನಾನು ಮಾಡುವುದು ಇಷ್ಟು. ಬೀಡಿ, ಬೆಂಕಿ ದೂರವಿರಲಿ. ಟ್ಯಾಂಕಿನ ಪೆಟ್ರೋಲ್ ಪೂರ್ತಿ ಇಳಿಸಿ, ಸ್ವಲ್ಪವನ್ನು ಗಾಜಿನ ಬಾಟಲಿಯಲ್ಲಿಟ್ಟು ನೋಡಿ. ತಳದಲ್ಲಿ ಬೇರೆ ಪದರ ಕಂಡರೆ ನೀರು ಸೇರಿದೆ ಅಂತ ಅರ್ಥ. ಕಾರ್ಬೊರೇಟರ್ ಬಟ್ಟಲಿನ ತಳದ ಸ್ಕ್ರೂ ಸಡಿಲಿಸಿ ಅಲ್ಲಿರುವುದನ್ನೂ ಬಿಡಿ. ಬಟ್ಟಲು ಬಿಚ್ಚಿ, ಜೆಟ್ಟುಗಳನ್ನು ಕಾರ್ಬೊರೇಟರ್ ಕ್ಲೀನರ್ ಹಾಕಿ, ಗಾಳಿ ಹೊಡೆದು ತೊಳೆಯಿರಿ. ತಂತಿ ಮಾತ್ರ ತೂರಿಸಬೇಡಿ. ತೂತು ದೊಡ್ಡದಾದರೆ ಪೆಟ್ರೋಲ್ ಕುಡಿಯುವುದು ಹೆಚ್ಚುತ್ತದೆ. ಬಿರುಕು ಬಿಟ್ಟ ಪೈಪು ಬದಲಿಸಿ, ಪ್ಲಗ್ ಉಜ್ಜಿ, ಹೊಸ ಪೆಟ್ರೋಲ್ ಹಾಕಿ ಕಿಕ್ ಹೊಡೆಯಿರಿ. ನನ್ನ ಬೈಕಿಗೆ ಒಂದು ಪೈಪು, ಒಂದು ವಾಷರು ಬಿಟ್ಟರೆ ಬೇರೇನೂ ಬೇಕಾಗಲಿಲ್ಲ. ಇಳಿಸಿದ ಹಳೆ ಪೆಟ್ರೋಲನ್ನು ನಾಲೆಗೋ ಬದುವಿಗೋ ಚೆಲ್ಲಬೇಡಿ.

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಬೈಕುಗಳಲ್ಲಿ ಬಹುಪಾಲಿಗೆ ಕಾರ್ಬೊರೇಟರ್ ಇಲ್ಲ, ಇಂಜೆಕ್ಷನ್. ಅದಕ್ಕೆ ನಾವು ಕೈ ಹಾಕದೆ ತಿಳಿದವರಿಗೇ ಕೊಡುವುದು ಲೇಸು.

ರಿಪೇರಿಗಿಂತ ನಿಲ್ಲಿಸುವ ಕ್ರಮ ಕಲಿಯುವುದು ಸುಲಭ. ಹಳೆ ಬೈಕಾದರೆ ಟ್ಯಾಂಕು ತುಂಬಿಸಿ ನಿಲ್ಲಿಸಿ. ಒಳಗೆ ಗಾಳಿಗೆ ಜಾಗ ಕಡಿಮೆಯಾದಷ್ಟು ತೇವವೂ ತುಕ್ಕೂ ಕಡಿಮೆ. ಪೆಟ್ರೋಲ್ ಕಾಕ್ ಬಂದ್ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಬಟ್ಟಲು ಖಾಲಿಯಾಗುತ್ತದೆ. ಎಣ್ಣೆ ಹೊಡೆಯುವ ಮಿಷನ್, ಕಳೆ ಕತ್ತರಿಸುವ ಮಿಷನ್ನುಗಳ ಪ್ಲಾಸ್ಟಿಕ್ ಟ್ಯಾಂಕನ್ನು ಪೂರ್ತಿ ಬರಿದು ಮಾಡಿಯೇ ಇಡಿ. ಆಯಿಲ್ ಬೆರೆಸಿದ ಪೆಟ್ರೋಲನ್ನು ಮುಂದಿನ ಹಂಗಾಮಿಗೆ ಉಳಿಸುವ ಜಿಪುಣತನ ಬೇಡ.

ಬಂಕಿನವರು ಎಥನಾಲ್ ಪ್ರಮಾಣವನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಹಾಕಲಿ. ಮಿಷನ್ ಮಾರುವವರು ನಿಲ್ಲಿಸುವ ಕ್ರಮವನ್ನು ಒಂದು ಚೀಟಿಯಲ್ಲಿ ಕೊಡಲಿ. ಬೀಜೋಪಚಾರ ಕಲಿಸುವ ನಮ್ಮ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ವರ್ಷಕ್ಕೊಂದು ದಿನ ಸಣ್ಣ ಎಂಜಿನ್ ಬಿಚ್ಚಿ ತೋರಿಸಲಿ. ಹುಳು ಬಿದ್ದ ದಿನ ಮಿಷನ್ ಶುರುವಾಗದಿದ್ದರೆ ನಷ್ಟ ಮೆಕ್ಯಾನಿಕ್‌ನದಲ್ಲ, ನಮ್ಮದು.

ನಿಮ್ಮಲ್ಲಿ ಯಾರಾದರೂ ಇದಕ್ಕಿಂತ ಸುಲಭದ ದಾರಿ ಕಂಡುಕೊಂಡಿದ್ದರೆ ಪತ್ರಿಕೆಗೆ ಬರೆಯಿರಿ. ನನಗೂ ಬೇಕು.