ಚಾರ್ಜ್ ಆಗವಲ್ದು, ಯಾಕಂತ ಹೇಳವಲ್ದು

ಲ್ಯಾಪ್‌ಟಾಪಿನ ಮೂಲೆಯಲ್ಲಿರೋ ಬ್ಯಾಟರಿ ಚಿತ್ರದ ಮೇಲೆ ಮೌಸ್ ಇಟ್ಟರೆ ಒಮ್ಮೊಮ್ಮೆ ಒಂದು ಸಾಲು ಬರುತ್ತೆ, ನೋಡಿರಬಹುದು. 'ಪ್ಲಗ್ಡ್ ಇನ್, ನಾಟ್ ಚಾರ್ಜಿಂಗ್'. ವೈರು ಸಿಕ್ಕಿಸಿದ್ದೀಯ, ಆದ್ರೆ ಚಾರ್ಜ್ ಆಗ್ತಿಲ್ಲ ಅಂತ. ಅಲ್ರೀ, ವೈರು ಸಿಕ್ಕಿಸಿದವನು ನಾನೇ. ಚಾರ್ಜ್ ಆಗ್ತಿಲ್ಲ ಅನ್ನೋದು ಕಣ್ಣಿಗೆ ಕಾಣ್ತಾನೇ ಇದೆ. ಯಾಕೆ ಆಗ್ತಿಲ್ಲ ಅನ್ನೋದೊಂದು ಬಿಟ್ಟು ಉಳಿದಿದ್ದೆಲ್ಲ ಹೇಳುತ್ತೆ. ಕಂಪ್ಯೂಟರು ಮನುಷ್ಯನಿಗೆ ಹೇಳುವ ಮಾತುಗಳಲ್ಲಿ ಇಷ್ಟು ಕೆಲಸಕ್ಕೆ ಬಾರದ ಮಾತು ಇನ್ನೊಂದಿಲ್ಲ ಅಂತ ನನ್ನ ಖಚಿತ ಅಭಿಪ್ರಾಯ.

ಸಿಟ್ಟು ಬರೋದು ಯಾಕಂದ್ರೆ, ಅದಕ್ಕೆ ಕಾರಣ ಗೊತ್ತಿರುತ್ತೆ! ಲ್ಯಾಪ್‌ಟಾಪ್ ಬ್ಯಾಟರಿ ಅಂದ್ರೆ ಟಾರ್ಚಿಗೆ ಹಾಕುವ ಶೆಲ್ ಥರ ಮೂಕ ವಸ್ತು ಅಲ್ಲ. ಅದರೊಳಗೆ ಒಂದು ಪುಟ್ಟ ಚಿಪ್ ಕೂತಿದೆ. ಒಳಗಿನ ಉಷ್ಣಾಂಶ ಎಷ್ಟು, ವೋಲ್ಟೇಜ್ ಎಷ್ಟು, ಇದುವರೆಗೆ ಎಷ್ಟು ಸಲ ಚಾರ್ಜ್ ಆಗಿ ಖಾಲಿಯಾಗಿದೆ, ತಯಾರಾದ ದಿನ ಯಾವುದು, ಎಲ್ಲ ಲೆಕ್ಕ ಇಡುತ್ತೆ. ಈ ಮಾಹಿತಿಯನ್ನು ಬ್ಯಾಟರಿ ಹೇಗೆ ಕಂಪ್ಯೂಟರಿಗೆ ಹೇಳಬೇಕು ಅಂತ ಡ್ಯುರಾಸೆಲ್ ಮತ್ತು ಇಂಟೆಲ್ ಸೇರಿ 1995ರಲ್ಲೇ ಒಂದು ನಿಯಮಾವಳಿ ಮಾಡಿಟ್ಟಿದ್ದರು. 'ನಾನು ಬಿಸಿಯಾಗಿದ್ದೇನೆ', 'ಚಾರ್ಜ್ ನಿಲ್ಲಿಸು' ಅಂತ ಹೇಳೋಕೆ ಅದರಲ್ಲಿ ಬೇರೆ ಬೇರೆ ಬಿಟ್‌ಗಳೇ ಇವೆ. ಅಂದರೆ ಬ್ಯಾಟರಿ ಬಾಯಿಬಿಟ್ಟು ಹೇಳುತ್ತೆ, ಮದರ್‌ಬೋರ್ಡ್ ಕೇಳಿಸಿಕೊಳ್ಳುತ್ತೆ, ಪರದೆಯ ಮುಂದೆ ಕೂತ ಮನುಷ್ಯನಿಗೆ ಮಾತ್ರ ಸುದ್ದಿ ಮುಟ್ಟಲ್ಲ.

ಬೆಂಗಳೂರಲ್ಲಿ ಕೂತ ನಮಗೆ ಇದೊಂದು ಸಣ್ಣ ಕಿರಿಕಿರಿ ಅಷ್ಟೇ. ಆಫೀಸಿನ ಐಟಿ ಡೆಸ್ಕಿಗೆ ಕೊಟ್ಟು ಕಾಫಿ ಕುಡಿಯೋಕೆ ಹೋದ್ರಾಯ್ತು. ಆದ್ರೆ ನಮ್ಮ ಮರಳಿಯಲ್ಲಿ?

ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ, ಮರಳಿ ಇರೋದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ, ಎಲ್ಲಿ ನೋಡಿದ್ರೂ ಭತ್ತ. ಅಲ್ಲಿರೋ ನನ್ನ ಚಿಕ್ಕಪ್ಪನ ಮಗಳು ಗಂಗಾವತಿಗೆ ಬಸ್ಸಲ್ಲಿ ಹೋಗಿ ಬಂದು ಡಿಗ್ರಿ ಓದ್ತಾಳೆ. ಮನೆಗೆಲ್ಲ ಇರೋದೊಂದೇ ಲ್ಯಾಪ್‌ಟಾಪು, ಅದೂ ಸೆಕೆಂಡ್ ಹ್ಯಾಂಡ್. ಕಳೆದ ಏಪ್ರಿಲ್‌ನಲ್ಲಿ ಫೋನ್ ಮಾಡಿ "ಚಾರ್ಜ್ ಆಗವಲ್ದು ನೋಡಣ್ಣ" ಅಂದಳು. ಒಂದು ಅಂಗಡಿಯವರು ಬ್ಯಾಟರಿ ಹೋಗಿದೆ, 3,500 ರೂಪಾಯಿ ಅಂದಿದ್ದರು. ಇನ್ನೊಂದು ಅಂಗಡಿಯವರು ಮದರ್‌ಬೋರ್ಡೇ ಹೋಗಿದೆ, ಬೇರೆ ತಗೊಳ್ಳಿ ಅಂದಿದ್ದರಂತೆ. ಅವರನ್ನೂ ಪೂರ್ತಿ ಬೈಯೋ ಹಾಗಿಲ್ಲ. ಅವರಿಗೂ ಕಾಣೋದು ಅದೇ ದರಿದ್ರ ಸಾಲು ತಾನೇ.

ನಾನು ಕೇಳಿದ್ದು ಒಂದೇ ಪ್ರಶ್ನೆ, ಯಾವಾಗಲೂ ಆಗಲ್ವಾ? "ಇಲ್ಲ, ರಾತ್ರಿ ಹಚ್ಚಿಟ್ರ ಮುಂಜಾನೆಗೆ ಆಗಿರ್ತದ, ಮಧ್ಯಾಹ್ನ ಆಗಂಗಿಲ್ಲ" ಅಂದಳು. ಅರ್ಧ ಉತ್ತರ ಅಲ್ಲೇ ಸಿಕ್ಕಿಬಿಡ್ತು. ಲೀಥಿಯಂ ಅಯಾನ್ ಬ್ಯಾಟರಿಗಳನ್ನು ಸಾಮಾನ್ಯವಾಗಿ ಸೊನ್ನೆಯಿಂದ 45 ಡಿಗ್ರಿ ಸೆಲ್ಸಿಯಸ್ ಒಳಗೇ ಚಾರ್ಜ್ ಮಾಡಬೇಕು. ಅದಕ್ಕಿಂತ ಬಿಸಿಯಾದ್ರೆ ಒಳಗಿನ ಚಿಪ್ ಚಾರ್ಜಿಂಗ್ ತಡೆಯುತ್ತೆ, ತಡೆಯಲೇಬೇಕು, ಇಲ್ದಿದ್ರೆ ಬ್ಯಾಟರಿ ಹಾಳಾಗುತ್ತೆ, ಬೆಂಕಿಯ ಅಪಾಯ ಬೇರೆ. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನ ನೆರಳಲ್ಲೇ 40ರ ಆಸುಪಾಸು ಇರುತ್ತೆ. ತಗಡಿನ ಮನೆ, ಹಾಸಿಗೆಯ ಮೇಲೆ ಲ್ಯಾಪ್‌ಟಾಪು, ಕೆಳಗಿನ ಗಾಳಿಕಿಂಡಿ ಮುಚ್ಚಿದೆ. 45 ದಾಟೋಕೆ ಇನ್ನೇನು ಬೇಕು ಹೇಳಿ?

ಆದ್ರೂ ಬರೀ ಊಹೆ ಬೇಡ ಅಂತ ಅವಳ ಕೈಲಿ ಕಮಾಂಡ್ ಪ್ರಾಂಪ್ಟ್ ತೆರೆಸಿ 'ಪವರ್‌ಸಿಎಫ್‌ಜಿ' ಅಂತ ಹೊಡೆಸಿ, ಒಂದು ಸ್ಪೇಸ್, ಒಂದು ಸ್ಲ್ಯಾಶ್, ಆಮೇಲೆ 'ಬ್ಯಾಟರಿರಿಪೋರ್ಟ್' ಅಂತ ಹೊಡೆಸಿದೆ. ವಿಂಡೋಸ್ 8ರಿಂದ ಈಚೆಗೆ ಇದು ಎಲ್ಲದರಲ್ಲೂ ಇದೆ, ನೀವೂ ಒಮ್ಮೆ ಮಾಡಿ ನೋಡಿ (ಇಂಗ್ಲಿಷ್ ಅಕ್ಷರದಲ್ಲೇ ಹೊಡೀಬೇಕು ಮತ್ತೆ!). ಒಂದು ಫೈಲ್ ಬರುತ್ತೆ. ಅದರಲ್ಲಿ ಎರಡು ಅಂಕಿ ಮುಖ್ಯ: ಹೊಸದಿದ್ದಾಗ ಬ್ಯಾಟರಿಯ ಸಾಮರ್ಥ್ಯ, ಈಗ ಪೂರ್ತಿ ತುಂಬಿದಾಗಿನ ಸಾಮರ್ಥ್ಯ. ಅವಳದ್ದು ಹತ್ತಿರ ಹತ್ತಿರ ಶೇ. 70 ಉಳಿದಿತ್ತು. ಸತ್ತ ಬ್ಯಾಟರಿ ಅಲ್ಲವೇ ಅಲ್ಲ. ನೆಲದ ಶಹಾಬಾದ್ ಕಲ್ಲಿನ ಮೇಲೆ ಎರಡು ಕಟ್ಟಿಗೆ ತುಂಡು ಇಟ್ಟು ಅದರ ಮೇಲೆ ಲ್ಯಾಪ್‌ಟಾಪ್ ಇಡು, ಮಧ್ಯಾಹ್ನ ಚಾರ್ಜಿಗೆ ಹಾಕಬೇಡ ಅಂದೆ. ಖರ್ಚು ಸೊನ್ನೆ.

'ಬಹಳ ಬಿಸಿಯಾಗಿದೆ, ತಣ್ಣಗಾದ ಮೇಲೆ ಚಾರ್ಜ್ ಆಗುತ್ತೆ' ಅಂತ ಒಂದು ಸಾಲು ತೋರಿಸಿದ್ರೆ ಎರಡು ಅಂಗಡಿ ಅಲೆಯೋದು ತಪ್ಪುತ್ತಿತ್ತು. ಮೊಬೈಲುಗಳು ಇದನ್ನು ಎಷ್ಟೋ ವರ್ಷದಿಂದ ಹೇಳ್ತಿವೆ. ಲ್ಯಾಪ್‌ಟಾಪಿಗೇನು ಬಂದಿದೆ ಧಾಡಿ?

ಬಿಸಿ ಒಂದೇ ಅಲ್ಲ ಬಿಡಿ. 65 ವಾಟಿನ ಲ್ಯಾಪ್‌ಟಾಪಿಗೆ 45 ವಾಟಿನ ಅಡಾಪ್ಟರ್ ಹಾಕಿದ್ರೆ ಕೆಲವು ಯಂತ್ರ ನಡೆಯುತ್ತವೆ, ಚಾರ್ಜ್ ಮಾತ್ರ ಆಗಲ್ಲ. ಕೆಲವು ಕಂಪನಿಗಳ ಪಿನ್ನಿನ ನಡುವೆ ಸೂಜಿಯಂಥ ಇನ್ನೊಂದು ಪಿನ್ ಇರುತ್ತೆ, ಅಡಾಪ್ಟರ್ ತಾನು ಯಾರು ಅಂತ ಹೇಳಿಕೊಳ್ಳೋದು ಅದರಲ್ಲೇ. ಅದು ಬಾಗಿದ್ರೆ, ಅದರ ವೈರು ತುಂಡಾದ್ರೆ ಕೂಡ ಇದೇ ಕಥೆ. ಇನ್ನು ಬ್ಯಾಟರಿ ಬಾಳಿಕೆಗೆ ಅಂತ ಶೇ. 60ಕ್ಕೋ 80ಕ್ಕೋ ತಾನೇ ನಿಲ್ಲಿಸುವ ಸೆಟ್ಟಿಂಗ್ ಇದೆಯಲ್ಲ, ಅದನ್ನು ಯಾರೋ ಆನ್ ಮಾಡಿಟ್ಟು ಮರೆತಿರ್ತಾರೆ. ಖಾಲಿ ಮಾಡಿ ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿಟ್ಟ ಬ್ಯಾಟರಿಯ ವೋಲ್ಟೇಜ್ ತೀರಾ ಕೆಳಗಿಳಿದು, ಚಿಪ್ಪೇ ಬೇಡ ಅಂದಿರುತ್ತೆ. ಇದೊಂದರಲ್ಲಿ ಮಾತ್ರ ಹೊಸ ಬ್ಯಾಟರಿ ಬೇಕಾಗಬಹುದು. ನಾಲ್ಕಕ್ಕೂ ಪರದೆ ಮೇಲೆ ಬರುವ ಮಾತು ಬಹುತೇಕ ಒಂದೇ. ಜ್ವರಕ್ಕೂ ಕಾಲುನೋವಿಗೂ 'ಆರೋಗ್ಯ ಸರಿಯಿಲ್ಲ' ಅಂತ ಚೀಟಿ ಬರೆದುಕೊಟ್ಟ ಹಾಗೆ. ಇದು ಕನ್ನಡದಲ್ಲಿ ಬಂದ್ರೆ ಸಂತೋಷವೇ, ಆದ್ರೆ ಕಾರಣವಿಲ್ಲದ ಮಾತು ಕನ್ನಡದಲ್ಲಿ ಬಂದ್ರೂ ಉಪಯೋಗ ಅಷ್ಟಕ್ಕಷ್ಟೇ.

ಹಾಂ, ಟಚ್‌ಪ್ಯಾಡ್ ಮೇಲೆದ್ದಿದ್ರೆ, ತಳ ಉಬ್ಬಿದ್ರೆ ಈ ಯಾವ ಪ್ರಯೋಗವೂ ಬೇಡ. ಬ್ಯಾಟರಿ ಊದಿಕೊಂಡಿದೆ ಅಂತ ಅರ್ಥ. ಆಫ್ ಮಾಡಿ, ವೈರು ಕಿತ್ತು, ಒತ್ತದೆ ಚುಚ್ಚದೆ ಬಲ್ಲವರ ಕೈಗೆ ಕೊಡಿ.

ಹಳೆಯ ಲ್ಯಾಪ್‌ಟಾಪುಗಳ ಹೊಟ್ಟೆಯ ಕೆಳಗೆ ಎರಡು ಚಿಲಕ ಇರ್ತಿದ್ದವು, ನೆನಪಿದೆಯಾ? ಸರಿಸಿದ್ರೆ ಬ್ಯಾಟರಿ ಕೈಗೆ ಬರ್ತಿತ್ತು. ತೆಗೆದು ಬರೀ ಕರೆಂಟಿನ ಮೇಲೆ ಓಡಿಸಿ ನೋಡಿದ್ರೆ ತಪ್ಪು ಯಾರದ್ದು ಅನ್ನೋದು ಸುಮಾರು ಗೊತ್ತಾಗ್ತಿತ್ತು. ಈಗ ಹತ್ತು ಸ್ಕ್ರೂ ಬಿಚ್ಚಬೇಕು, ಕೆಲವದಕ್ಕೆ ಅಂಟು ಬೇರೆ. ನಮ್ಮ ಕಡೆ ಪಂಪ್‌ಸೆಟ್ ಮೋಟಾರು ಸುಟ್ಟರೆ ಯಾರೂ ಎಸೆಯಲ್ಲ, ಗಂಗಾವತಿಗೆ ಒಯ್ದು ವೈಂಡಿಂಗ್ ಮಾಡಿಸ್ತಾರೆ. ಸಾವಿರಾರು ರೂಪಾಯಿ ಕೊಟ್ಟ ಲ್ಯಾಪ್‌ಟಾಪಿಗೆ ಆ ಮರ್ಯಾದೆ ಯಾಕಿಲ್ಲ? 2020ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಹಂಚಿತ್ತು. ಅವೆಲ್ಲ ಈಗ ಬ್ಯಾಟರಿ ತಕರಾರು ಶುರುವಾಗೋ ವಯಸ್ಸಿನವು. ಇಂಥ ಎಷ್ಟು ಯಂತ್ರಗಳು ಒಂದು ಸಾಲಿನ ದೆಸೆಯಿಂದ ಅಟ್ಟ ಸೇರ್ತಾವೋ.

ಯುರೋಪಿನವರು 2023ರಲ್ಲಿ ಕಾನೂನು ಮಾಡಿದ್ದಾರೆ. ಬಳಸುವವನೇ ಬ್ಯಾಟರಿ ಬಿಚ್ಚಿ ಬದಲಿಸುವಂತಿರಬೇಕು ಅನ್ನೋ ನಿಯಮಕ್ಕೆ ಅಲ್ಲಿ ಗೊತ್ತುಮಾಡಿದ ದಿನ 2027ರ ಫೆಬ್ರವರಿ 18. ನಮ್ಮಲ್ಲೂ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ವರ್ಷ ಡಿಸೆಂಬರಿನಲ್ಲಿ ಒಂದು ಜಾಲತಾಣವನ್ನೂ ತೆರೆಯಿತು. ಕೃಷಿ ಯಂತ್ರ, ಮೊಬೈಲು, ಎಲೆಕ್ಟ್ರಾನಿಕ್ಸ್ ಎಲ್ಲ ಅದರ ವ್ಯಾಪ್ತಿಯಲ್ಲಿವೆ. ಒಳ್ಳೇದೇ. ಆದ್ರೆ ಬಿಚ್ಚುವ ಹಕ್ಕಿಗಿಂತ ಮೊದಲು ಏನಾಗಿದೆ ಅಂತ ತಿಳಿಯುವ ಹಕ್ಕು ಕೊಡಿ ಅಂತೀನಿ ನಾನು. ಅದಕ್ಕೆ ಸ್ಕ್ರೂಡ್ರೈವರೂ ಬೇಡ, ಹೊಸ ಕಾರ್ಖಾನೆಯೂ ಬೇಡ. ಫರ್ಮ್‌ವೇರಿನಲ್ಲಿ ಆಗಲೇ ಇರೋ ಮಾಹಿತಿಯನ್ನು ಪರದೆಗೆ ತರಬೇಕು, ಅಷ್ಟೇ. ಇದೇ ಕಸುಬಿನಲ್ಲಿರೋನಾಗಿ ಹೇಳ್ತೀನಿ, ಅದು ಗುಡ್ಡ ಕಡಿಯೋ ಕೆಲಸ ಅಲ್ಲ.

ನಿಮ್ಮ ಲ್ಯಾಪ್‌ಟಾಪೂ ಹೀಗೆ ಮುಷ್ಕರ ಹೂಡಿದ್ದರೆ ಕಡೆಗೆ ಕಾರಣ ಏನು ಅಂತ ಗೊತ್ತಾಯ್ತು, ಕೆಳಗೆ ಬರೀರಿ. ಅಡಾಪ್ಟರಿನ ವಾಟ್ ಎಷ್ಟು ಅನ್ನೋದನ್ನೂ ಸೇರಿಸಿ.